ಹೆಸರು ಯಾರ ಕಡತದಲ್ಲಿದೆ? ಹಾವೇರಿ ಜಿಲ್ಲೆಯ ನಾಲ್ಕು ತಾಲೂಕುಗಳು ಮತ್ತು ಲೈಂಗಿಕ ಅಪರಾಧಿಗಳ ದಾಖಲೆ

ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಳ್ಳಲು ಹೊರಟ ಕನ್ನಡ ಕುಟುಂಬ ಶಾಲೆಯ ಗುಣಮಟ್ಟ, ಸಾಲದ ಬಡ್ಡಿಗಳ ಜೊತೆಗೆ ಇನ್ನೊಂದನ್ನೂ ನೋಡಿಕೊಳ್ಳಬಹುದು. ಸರ್ಕಾರಿ ಜಾಲತಾಣದಲ್ಲಿ ಬಡಾವಣೆಯ ವಿಳಾಸ ಹಾಕಿದರೆ ಅಲ್ಲಿ ವಾಸವಿರುವ, ಲೈಂಗಿಕ ಅಪರಾಧದಲ್ಲಿ ಶಿಕ್ಷೆಯಾದವರ ಹೆಸರು, ಫೋಟೊ ತೆರೆದುಕೊಳ್ಳುತ್ತವೆ. ಆ ರಾಜ್ಯದಲ್ಲಿ ಇಂಥ ನೋಂದಣಿ 1947ರಲ್ಲೇ ಶುರುವಾಯಿತು. 1996ರಲ್ಲಿ ಬಂದ ‘ಮೇಗನ್ ಕಾನೂನು’ ಅದನ್ನು ಅಮೆರಿಕದುದ್ದಕ್ಕೂ ಜನರ ಮುಂದೆ ತೆರೆದಿಟ್ಟಿತು. ಅದನ್ನು ಕಂಡು ಬಂದವರ ನೆಂಟರು ಹಾನಗಲ್ಲಿನಲ್ಲೋ ಹಿರೇಕೆರೂರಿನಲ್ಲೋ ಇದ್ದರೆ “ನಮ್ಮ ಕಡೇನೂ ಹಂಗ ನೋಡಾಕ ಬರತೈತೇನು?” ಎಂದು ಕೇಳುವುದು ಸಹಜ.

ಬರುವುದಿಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ನಿವಾಸಿ ತಾನೇ ಕೂತು ಹುಡುಕಬಹುದಾದ ಇಂಥ ಪಟ್ಟಿ ತಾಲೂಕಿನಲ್ಲಿಲ್ಲ, ಹಾವೇರಿಯಲ್ಲಿಲ್ಲ, ಬೆಂಗಳೂರಿನಲ್ಲೂ ಇಲ್ಲ. ಪಟ್ಟಿಯೇ ಇಲ್ಲವೆಂದು ಇದರ ಅರ್ಥವಲ್ಲ. ಪಟ್ಟಿ ಇದೆ, ಅದರ ಕೀಲಿ ಪೊಲೀಸರ ಬಳಿ ಇದೆ. ಈ ಟಿಪ್ಪಣಿಯ ವಿಷಯ ಆ ಪಟ್ಟಿ ಹೇಗೆ ತುಂಬುತ್ತದೆ, ಅದರ ಆಚೆ ನಿಂತ ನಾಗರಿಕನಿಗೆ ಏನೇನು ಕಾಣುತ್ತದೆ ಎಂಬುದು.

ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶಕೋಶವನ್ನು ಕೇಂದ್ರ ಗೃಹ ಸಚಿವಾಲಯ 2018ರ ಸೆಪ್ಟೆಂಬರ್ 20ರಂದು ಆರಂಭಿಸಿತು. ನೋಡಿಕೊಳ್ಳುವುದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿ. ಅತ್ಯಾಚಾರ, ಸಾಮೂಹಿಕ ಅತ್ಯಾಚಾರ, ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ), ಹೆಣ್ಣುಮಕ್ಕಳನ್ನು ಚುಡಾಯಿಸಿದ ಪ್ರಕರಣಗಳಲ್ಲಿ ಶಿಕ್ಷೆಯಾದವರ ಹೆಸರು, ವಿಳಾಸ, ಫೋಟೊ, ಬೆರಳಚ್ಚು ಅದರಲ್ಲಿರುತ್ತವೆ ಎಂದು ಸಚಿವಾಲಯ ಅಂದು ತಿಳಿಸಿತ್ತು. ಆರಂಭದ ದಿನವೇ ಸುಮಾರು 4.4 ಲಕ್ಷ ದಾಖಲೆಗಳಿದ್ದವು. 2005ರಿಂದೀಚಿನ ಪ್ರಕರಣಗಳನ್ನು ತುಂಬುತ್ತಿರಬೇಕೆಂದು ರಾಜ್ಯಗಳ ಪೊಲೀಸರಿಗೆ ಸೂಚಿಸಲಾಗಿತ್ತು. ಪ್ರವೇಶ ತನಿಖಾ ಸಂಸ್ಥೆಗಳಿಗೆ ಮಾತ್ರ.

ಆದರೆ ದಾಖಲೆ ಹುಟ್ಟುವುದು ದೆಹಲಿಯಲ್ಲಲ್ಲ. ಹಾನಗಲ್, ಆಡೂರು, ಬಂಕಾಪುರ, ತಡಸ, ಹಂಸಭಾವಿಯಂಥ ಠಾಣೆಗಳ ಬರಹಗಾರರ ಮೇಜಿನ ಮೇಲೆ. ದೇಶದ ಎಲ್ಲ ಠಾಣೆಗಳಲ್ಲೂ ಒಂದು ಪ್ರಕರಣ ಏಳು ನಮೂನೆಗಳಲ್ಲಿ ಸಾಗುತ್ತದೆ. ಮೊದಲನೆಯದು ಎಫ್‌ಐಆರ್. ಆಮೇಲೆ ಕೃತ್ಯದ ವಿವರ, ದಸ್ತಗಿರಿ, ಜಪ್ತಿ. ಐದನೆಯದು ದೋಷಾರೋಪಣ ಪಟ್ಟಿ ಅಥವಾ ಅಂತಿಮ ವರದಿ. ಆರನೆಯದರಲ್ಲಿ ಕೋರ್ಟಿನ ತೀರ್ಪು, ಏಳನೆಯದರಲ್ಲಿ ಮೇಲ್ಮನವಿಯ ಫಲ. ಮೊದಲ ಐದಕ್ಕೆ ತನಿಖಾಧಿಕಾರಿಯ ಬೆನ್ನ ಹಿಂದೆ ಗಡುವುಗಳಿರುತ್ತವೆ: ಆರೋಪಿ ಬಂಧನದಲ್ಲಿದ್ದಾಗ ದೋಷಾರೋಪಣ ಪಟ್ಟಿ ತಡವಾದರೆ ಜಾಮೀನು ಹಕ್ಕಾಗಿ ಸಿಕ್ಕಿಬಿಡುತ್ತದೆ. ಆರು, ಏಳಕ್ಕೆ ಅಂಥ ಒತ್ತಡವಿಲ್ಲ. ತೀರ್ಪು ಬರುವ ಹೊತ್ತಿಗೆ ಪಿಎಸ್‌ಐ ಎರಡು ಠಾಣೆ ದಾಟಿರುತ್ತಾರೆ.

ಅಪರಾಧಿಗಳ ಪಟ್ಟಿಯ ಸಾಚಾತನ ನಿಂತಿರುವುದು ಈ ಕೊನೆಯ ಎರಡು ಹಾಳೆಗಳ ಮೇಲೆ. ಸವಣೂರಿನ ಪೋಕ್ಸೋ ಪ್ರಕರಣವೊಂದರ ದಾರಿ ನೋಡಿ. ಅತ್ಯಾಚಾರ, ಪೋಕ್ಸೋ ಪ್ರಕರಣಗಳ ವಿಚಾರಣೆ ತಾಲೂಕಿನ ಜೆಎಂಎಫ್‌ಸಿ ಕೋರ್ಟಿನಲ್ಲಿ ನಡೆಯುವುದಿಲ್ಲ. ಅವು ಸೆಷನ್ಸ್ ಮಟ್ಟದವು, ಪೋಕ್ಸೋ ಆದರೆ ವಿಶೇಷ ನ್ಯಾಯಾಲಯದವು. ಕಡತ ಹಾವೇರಿಗೆ ಹೋಯಿತು, ಶಿಕ್ಷೆಯಾಯಿತು, ಆರನೆಯ ನಮೂನೆ ತುಂಬಿದರು, ಹೆಸರು ಪಟ್ಟಿ ಸೇರಿತು. ಅಪರಾಧಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಮೇಲ್ಮನವಿ ಹಾಕಿ ವರ್ಷಗಳ ನಂತರ ಖುಲಾಸೆಯಾದ ಎಂದಿಟ್ಟುಕೊಳ್ಳೋಣ. ಆ ಆದೇಶ ಹಾವೇರಿಯ ಮೂಲಕ ಸವಣೂರು ಠಾಣೆಗೆ ಇಳಿದು ಬಂದು, ಯಾರಾದರೂ ಏಳನೆಯ ನಮೂನೆ ತುಂಬುವವರೆಗೆ ಕಂಪ್ಯೂಟರಿನ ಮಟ್ಟಿಗೆ ಅವನು ಅಪರಾಧಿಯೇ. 2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆಯ ಪ್ರಕಾರ ಬೆರಳಚ್ಚು ಮುಂತಾದ ಅಳತೆಗಳನ್ನು 75 ವರ್ಷ ಕಾಯ್ದಿಡಬೇಕು. ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ಎಲ್ಲ ಕಾನೂನು ಹಂತ ದಾಟಿ ಖುಲಾಸೆಯಾದರೆ ಅಳಿಸಬೇಕು ಎಂಬ ಮಾತೂ ಅದರಲ್ಲಿದೆ. ಆ ಅಳಿಸುವಿಕೆಗೂ ಇದೇ ಕಾಗದ ಬೇಕು. ಪಟ್ಟಿಯನ್ನು ಎಲ್ಲರಿಗೂ ತೆರೆಯಿರಿ ಎಂಬ ಬೇಡಿಕೆಯನ್ನು ನಾನು ಒಪ್ಪದಿರಲು ಮೊದಲ ಕಾರಣ ಇದು. ಪೊಲೀಸರ ಪರದೆಯ ಮೇಲಿನ ತಪ್ಪನ್ನು ಇನ್ನೊಬ್ಬ ಅಧಿಕಾರಿ ಮೂಲ ಕಡತ ತೆಗೆದು ತಿದ್ದಬಹುದು. ವಾಟ್ಸಾಪ್‌ಗೆ ಬಿದ್ದ ಸ್ಕ್ರೀನ್‌ಶಾಟ್‌ ಹಿಂದೆ ಏಳನೆಯ ನಮೂನೆ ಓಡಲಾರದು.

ಇನ್ನು, ಹೊರಗೆ ನಿಂತವನಿಗೆ ಕಾಣುವುದೇನು?

ಎಫ್‌ಐಆರ್ ಕಾಣುವುದಿಲ್ಲ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್‌ನಲ್ಲಿ ಹೇಳಿದಾಗಲೇ ಲೈಂಗಿಕ ಅಪರಾಧ ಮತ್ತು ಪೋಕ್ಸೋ ಪ್ರಕರಣಗಳನ್ನು ಹೊರಗಿಟ್ಟಿತ್ತು. 2018ರ ಡಿಸೆಂಬರ್ 11ರ ನಿಪುಣ್ ಸಕ್ಸೇನಾ ತೀರ್ಪು ಅದನ್ನು ಇನ್ನಷ್ಟು ಬಿಗಿ ಮಾಡಿತು. ಹಳ್ಳಿಯಲ್ಲಿ ಆರೋಪಿಯ ಹೆಸರು, ಓಣಿ, ಘಟನೆಯ ತಾರೀಖು ಸಿಕ್ಕರೆ ಬಾಲಕಿ ಯಾರೆಂದು ಹುಡುಕಲು ಹತ್ತು ನಿಮಿಷ ಸಾಕು. ಅದಕ್ಕೇ ಈ ಮುಚ್ಚುವಿಕೆ.

ಕಾಣುವುದೆಂದರೆ ಇ-ಕೋರ್ಟ್ಸ್ ಜಾಲತಾಣ, ಅದೂ ಅರೆಬರೆ. ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಆರಿಸಿ ಪಕ್ಷಗಾರರ ಹೆಸರಿನಿಂದ ಹುಡುಕಬಹುದು: ಹೆಸರಿನ ಕನಿಷ್ಠ ಮೂರು ಅಕ್ಷರ, ನೋಂದಣಿಯ ವರ್ಷ, ಬಾಕಿಯೋ ಇತ್ಯರ್ಥವೋ, ಕೊನೆಗೆ ಕ್ಯಾಪ್ಚಾ. ಶಿಗ್ಗಾಂವಿಯವನ ಮೇಲಿನ ಗಂಭೀರ ಪ್ರಕರಣವನ್ನು ಶಿಗ್ಗಾಂವಿ ಕೋರ್ಟಿನಲ್ಲಿ ಹುಡುಕಿ ‘ದಾಖಲೆ ಇಲ್ಲ’ ಎಂಬ ಉತ್ತರ ನಂಬಿದವರು ಮೋಸ ಹೋದಂತೆಯೇ, ಏಕೆಂದರೆ ಅದು ಇರುವುದು ಹಾವೇರಿ ಕೋರ್ಟಿನಲ್ಲಿ. ಹೆಸರಿನ ತೊಡಕು ಅದಕ್ಕಿಂತ ದೊಡ್ಡದು. ಬಸವರಾಜ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬ ಗುಮಾಸ್ತ ‘ವಿ’ ಹಾಕಿ, ಇನ್ನೊಬ್ಬ ‘ಡಬ್ಲ್ಯು’ ಹಾಕಿ, ಮತ್ತೊಬ್ಬ ಕೊನೆಗೊಂದು ‘ಎ’ ಸೇರಿಸಿ ಬರೆಯುತ್ತಾನೆ. ಅಡ್ಡಹೆಸರು ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ತಂದೆಯ ಹೆಸರು ಒಮ್ಮೆ ನಡುವೆ, ಒಮ್ಮೆ ಕೊನೆಗೆ. ಈ ನಾಲ್ಕು ತಾಲೂಕುಗಳಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನವರು ಒಂದೇ ಊರಲ್ಲಿ ಮೂವರಿದ್ದರೂ ಅಚ್ಚರಿಯಿಲ್ಲ. ಪರದೆಯ ಮೇಲೆ ಫೋಟೊ ಇರುವುದಿಲ್ಲ, ವಯಸ್ಸು ಇರುವುದಿಲ್ಲ. ಹೀಗೆ ಹುಡುಕಿ ಬಾಡಿಗೆದಾರನನ್ನು ಹೊರಹಾಕಿದ ಮನೆಮಾಲೀಕ, ಕಳ್ಳನನ್ನು ಬಿಟ್ಟು ಹೊಲದ ಬೆರ್ಚಪ್ಪನಿಗೆ ಹೊಡೆದವನಂತೆ. ತೀರ್ಪಿನ ಪ್ರತಿ ಬೇಕೆಂದರೂ ಪ್ರಕರಣಕ್ಕೆ ಸಂಬಂಧವಿಲ್ಲದವರು ಕಾರಣ ತೋರಿಸಿ ಕೋರ್ಟಿನ ಅನುಮತಿ ಪಡೆಯಬೇಕು. ಹದಿನೆಂಟು ತುಂಬದ ಆರೋಪಿಯ ಗುರುತನ್ನಂತೂ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಮುಚ್ಚಿಡುತ್ತದೆ.

ನಡುವೆ ಒಂದು ವಿಚಿತ್ರ. ಒಂದು ವರ್ಗದ ಮನುಷ್ಯರ ಕ್ರಿಮಿನಲ್ ಇತಿಹಾಸವನ್ನು ಈ ತಾಲೂಕುಗಳ ಯಾವ ನಿವಾಸಿಯೂ ಯಾರ ಅಪ್ಪಣೆಯೂ ಇಲ್ಲದೆ ಓದಬಹುದು: ಚುನಾವಣಾ ಅಭ್ಯರ್ಥಿಗಳದು. 2024ರ ನವೆಂಬರ್ 13ರಂದು ಶಿಗ್ಗಾಂವಿ ವಿಧಾನಸಭಾ ಕ್ಷೇತ್ರಕ್ಕೆ ಉಪಚುನಾವಣೆ ನಡೆದಾಗ ಕಣದಲ್ಲಿದ್ದ ಪ್ರತಿಯೊಬ್ಬರೂ ಬಾಕಿ ಪ್ರಕರಣ, ಆಗಿರುವ ಶಿಕ್ಷೆ ಎಲ್ಲವನ್ನೂ ನಮೂನೆ 26ರ ಪ್ರಮಾಣಪತ್ರದಲ್ಲಿ ಘೋಷಿಸಬೇಕಿತ್ತು. ಚುನಾವಣಾ ಆಯೋಗದ ಜಾಲತಾಣದಲ್ಲಿ ಅದು ಎಲ್ಲರಿಗೂ ತೆರೆದಿರುತ್ತದೆ. ಮತ ಕೇಳಲು ಬಂದವನ ಬಗ್ಗೆ ತಿಳಿಯುವ ಹಕ್ಕು 2002, 2003ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ ಸಿಕ್ಕಿತು. ಮಗುವಿಗೆ ಟ್ಯೂಷನ್ ಹೇಳಲು ಬಂದವನ ಬಗ್ಗೆ ಸಿಕ್ಕಿಲ್ಲ.

ಪಟ್ಟಿ ತೆರೆದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಹಾನಗಲ್ಲಿನ ಪ್ರಕರಣವನ್ನೇ ಎದುರಿಗಿಟ್ಟು ನೋಡಬಹುದು. 2024ರ ಜನವರಿ 8ರಂದು ಹಾನಗಲ್ ತಾಲೂಕಿನ ಹೋಟೆಲೊಂದರ ಕೋಣೆಗೆ ಗುಂಪು ನುಗ್ಗಿ ಅಲ್ಲಿದ್ದ ಜೋಡಿಯ ಮೇಲೆ ಹಲ್ಲೆ ಮಾಡಿತು. ಹಲ್ಲೆಯ ವಿಡಿಯೊ ಫೋನಿನಿಂದ ಫೋನಿಗೆ ಹರಿಯಿತು. ಮೊದಲು ಅನೈತಿಕ ಪೊಲೀಸ್‌ಗಿರಿಯ ಪ್ರಕರಣವಾಗಿದ್ದದ್ದು, ಮಹಿಳೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟ ಮೇಲೆ ಸಾಮೂಹಿಕ ಅತ್ಯಾಚಾರದ ಆರೋಪವನ್ನೂ ಪಡೆಯಿತು. 2025ರ ಮೇ ತಿಂಗಳಲ್ಲಿ ಏಳು ಮಂದಿ ಆರೋಪಿಗಳಿಗೆ ಜಾಮೀನು ಸಿಕ್ಕಾಗ ಅಕ್ಕಿಆಲೂರಿನಲ್ಲಿ ಕಾರು, ಬೈಕುಗಳ ಮೆರವಣಿಗೆ ನಡೆಯಿತು. ಅದರ ವಿಡಿಯೊ ರಾಜ್ಯದ ತುಂಬ ಹರಡಿತು, ಪೊಲೀಸರು ಅದಕ್ಕೆ ಬೇರೆ ಪ್ರಕರಣ ದಾಖಲಿಸಿದರು.

ಜಾಮೀನು ಪಡೆದವರು ಆರೋಪಿಗಳು ಮಾತ್ರ. ಶಿಕ್ಷೆಯಾದವರ ಪಟ್ಟಿಯಲ್ಲಿ ಅವರ ಹೆಸರು ಬರುವಂತಿಲ್ಲ, ಅಮೆರಿಕದ ಪದ್ಧತಿಯಲ್ಲೂ ಬರುವುದಿಲ್ಲ. ಊರಿಗೆ ಅವರ ಗುರುತು ತಿಳಿಯಲು ಪಟ್ಟಿ ಬೇಕಾಗಿರಲೂ ಇಲ್ಲ. ಮುಖ ತೋರಿಸಿಕೊಂಡೇ ಮೆರವಣಿಗೆ ನಡೆದದ್ದು. ಬಚ್ಚಿಡಬೇಕಾಗಿದ್ದದ್ದು ಸಂತ್ರಸ್ತೆಯ ಗುರುತನ್ನು, ಫೋನುಗಳಲ್ಲಿ ಓಡಾಡಿದ್ದು ಅದೇ. ಲೈಂಗಿಕ ಅಪರಾಧಕ್ಕೆ ಒಳಗಾದವರ ಗುರುತು ಬಯಲು ಮಾಡಿದರೆ ಹಿಂದೆ ಐಪಿಸಿ 228ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಎರಡು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಇದು ಗ್ರೂಪಿನಲ್ಲಿ ವಿಡಿಯೊ ತಳ್ಳುವ ಹಳ್ಳಿಯ ಹುಡುಗನಿಗೂ ಅನ್ವಯಿಸುತ್ತದೆ ಎಂಬುದನ್ನು ಬೀಟ್ ಪೊಲೀಸರು ಹೇಳಿದಷ್ಟೂ ಒಳ್ಳೆಯದು. ಎನ್‌ಸಿಆರ್‌ಬಿಯ ವಾರ್ಷಿಕ ವರದಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅತ್ಯಾಚಾರ ಪ್ರಕರಣಗಳ ಆರೋಪಿ ಸಂತ್ರಸ್ತೆಗೆ ಪರಿಚಿತನೇ ಆಗಿರುತ್ತಾನೆ: ಮನೆಯವ, ನೆರೆಯವ, ಮದುವೆಯಾಗುವೆನೆಂದವ. ಇಂಥವರಲ್ಲಿ ಬಹುಪಾಲು ಜನರನ್ನು ಯಾವ ಪಟ್ಟಿಯಲ್ಲಿ ಹುಡುಕಬೇಕೆಂದೂ ಮನೆಯವರಿಗೆ ಹೊಳೆಯುವುದಿಲ್ಲ.

ಪಟ್ಟಿಗೆ ಹೆದರಲು ಈ ಸೀಮೆಗೆ ಹಳೆಯ ಕಾರಣವೊಂದಿದೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ 1911ರ ನಂತರ ಮುಂಬಯಿ ಇಲಾಖೆಯಲ್ಲಿ ಬಿಗಿಯಾಗಿ ಜಾರಿಗೆ ಬಂದಾಗ ಹಾನಗಲ್, ಹಿರೇಕೆರೂರು ಅದೇ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರು ನವಾಬರ ಸಂಸ್ಥಾನ. ಹುಬ್ಬಳ್ಳಿಯಲ್ಲಿ ಬೇಲಿ ಹಾಕಿದ ವಸಾಹತು ಎದ್ದಿತು. ಆ ಭಾಗವನ್ನು ಜನ ಇಂದಿಗೂ ಸೆಟ್ಲ್‌ಮೆಂಟ್ ಎಂದೇ ಕರೆಯುತ್ತಾರೆ. ಹುಟ್ಟಿದ ಜಾತಿಯ ಕಾರಣಕ್ಕೇ ಹೆಸರು ನೋಂದಾಯಿಸಿ, ಬೆರಳಚ್ಚು ತೆಗೆದು, ಹಜೇರಿ ಹಾಕಿಸುತ್ತಿದ್ದರು. ಆ ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆ 1961ರಲ್ಲಿ ನಮ್ಮ ರಾಜ್ಯಕ್ಕೂ ಬಂತು. ಶಿಕ್ಷೆಯಾದವರ ಪಟ್ಟಿಯನ್ನೂ ಜಾತಿಯ ಪಟ್ಟಿಯನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ, ನಿಜ. ಆದರೂ ಪಟ್ಟಿಗೆ ಸೇರಿದ ಹೆಸರು ಮನೆಮಂದಿಯ ಹೆಸರಾಗಿಬಿಡುವ ರೀತಿ ಎರಡಕ್ಕೂ ಒಂದೇ. 2024ರ ಮೇ 7ರಂದು ಅಮಾನತುಲ್ಲಾ ಖಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಠಾಣೆಯ ಹಿಸ್ಟರಿ ಶೀಟ್ ಪೊಲೀಸರ ಆಂತರಿಕ ದಾಖಲೆ, ಸಾರ್ವಜನಿಕ ವರದಿಯಲ್ಲ ಎಂದು ಹೇಳಿದ್ದು, ಅದರಲ್ಲಿ ಮಕ್ಕಳ ಹೆಸರು ಸುಮ್ಮನೆ ಸೇರಕೂಡದು ಎಂದು ಎಚ್ಚರಿಸಿದ್ದು ಇದೇ ಜಾಡಿನಲ್ಲಿ.

ಮುಚ್ಚಿದ ಪಟ್ಟಿ, ತೆರೆದ ಪಟ್ಟಿಗಳ ನಡುವಿನ ದಾರಿಯನ್ನು ಇಂಗ್ಲೆಂಡ್ ಮತ್ತು ವೇಲ್ಸ್ ಹಿಡಿದಿವೆ. 2008ರಲ್ಲಿ ಕೆಲವೆಡೆ ಪ್ರಯೋಗವಾಗಿ, 2011ರ ಹೊತ್ತಿಗೆ ಎಲ್ಲೆಡೆ ಬಂದ ಅಲ್ಲಿಯ ವ್ಯವಸ್ಥೆಯಲ್ಲಿ, ಮಗುವಿನ ಹತ್ತಿರ ಸುಳಿದಾಡುವ ಇಂಥ ವ್ಯಕ್ತಿಯಿಂದ ಅಪಾಯವಿದೆಯೇ ಎಂದು ಪೊಲೀಸರನ್ನು ಕೇಳಬಹುದು. ಉತ್ತರವನ್ನು ಅವರು ತೂಗಿ ನೋಡಿ, ಸಂಬಂಧಪಟ್ಟವರಿಗಷ್ಟೇ ಕೊಡುತ್ತಾರೆ.

ನಮ್ಮಲ್ಲಿ ಅದಕ್ಕೆ ಹತ್ತಿರದ್ದು 2020ರ ಪೋಕ್ಸೋ ನಿಯಮಗಳ 3ನೇ ನಿಯಮ. ಮಕ್ಕಳಿರುವ ಅಥವಾ ಮಕ್ಕಳ ಜೊತೆ ನಿತ್ಯ ಸಂಪರ್ಕವಿರುವ ಯಾವುದೇ ಸಂಸ್ಥೆ, ಶಾಲೆ, ಶಿಶುವಿಹಾರ, ಕ್ರೀಡಾ ಅಕಾಡೆಮಿ, ಏನೇ ಇರಲಿ, ತನ್ನ ಎಲ್ಲ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಆಗಾಗ ಮಾಡಿಸಬೇಕು. ಬೋಧಕರೆಂಬ, ಕಾಯಂ ನೌಕರರೆಂಬ ಮಿತಿ ಅದಕ್ಕಿಲ್ಲ, ಗುತ್ತಿಗೆಯವರೂ ಒಳಗೇ. ಅಂದರೆ ಶಾಲಾ ವ್ಯಾನಿನ ಚಾಲಕ, ಹಾಸ್ಟೆಲಿನ ಅಡುಗೆಯವ, ರಾತ್ರಿ ಕಾವಲುಗಾರ, ಕಬಡ್ಡಿ ಕಲಿಸುವವ ಎಲ್ಲರೂ. ಮುಚ್ಚಿದ ಪಟ್ಟಿಗೆ ಹಿರೇಕೆರೂರಿನ ಒಬ್ಬ ತಾಯಿ ಪ್ರಶ್ನೆ ಕಳಿಸಬಹುದಾದ ದಾರಿ ಇದೊಂದೇ. ಪಟ್ಟಿಯಲ್ಲಿ ಏನಿದೆ ಎಂದು ಆಕೆ ಕೇಳುವಂತಿಲ್ಲ, ಆದರೆ ಪರಿಶೀಲನೆ ಮಾಡಿಸಿದ್ದೀರಾ, ಯಾವ ವರ್ಷ ಮಾಡಿಸಿದಿರಿ ಎಂದು ಆಡಳಿತ ಮಂಡಳಿಯನ್ನು ಎಸ್‌ಡಿಎಂಸಿ ಅಥವಾ ಪಾಲಕರ ಸಭೆಯಲ್ಲಿ ಕೇಳಬಹುದು. ಅನುಮಾನಕ್ಕೆ ಬಲವಾದ ಕಾರಣ ಕಂಡರೆ ಹುಡುಕುತ್ತ ಕೂರುವ ಪ್ರಶ್ನೆಯೂ ಇಲ್ಲ. ಪೋಕ್ಸೋ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಎಲ್ಲರ ಕರ್ತವ್ಯ, ಸುಮ್ಮನಿದ್ದರೆ 21ನೇ ಕಲಂ ಅಡಿ ಶಿಕ್ಷೆಯಿದೆ. 1098, 112 ಎರಡೂ ದೂರವಾಣಿಗಳು ಅದಕ್ಕೇ ಇರುವಂಥವು.

ಪರಿಶೀಲನೆಗೆ ಅರ್ಜಿ ಸೇವಾಸಿಂಧು ಪೋರ್ಟಲ್‌ನಲ್ಲಿ ಹೋಗುತ್ತದೆ, ವಿಚಾರಣೆ ವಿಳಾಸದ ಠಾಣೆಗೆ ಇಳಿಯುತ್ತದೆ. ಸಡಿಲು ಇರುವುದು ಅಲ್ಲೇ. ಹಾನಗಲ್ಲಿನ ಬೆನ್ನಿಗೇ ಮುಂಡಗೋಡ, ಶಿರಸಿ, ಸೊರಬ; ಹಿರೇಕೆರೂರಿನ ಆಚೆ ಶಿಕಾರಿಪುರ. ಕೆಲಸ ಹುಡುಕಿಕೊಂಡು ಜನ ದಿನವೂ ಜಿಲ್ಲೆಯ ಗಡಿ ದಾಟುತ್ತಾರೆ. ಆರು ತಿಂಗಳ ಹಿಂದೆ ಬಂದ ಚಾಲಕ ಈಗಿನ ಬಾಡಿಗೆ ಮನೆಯ ವಿಳಾಸವನ್ನಷ್ಟೇ ಕೊಟ್ಟರೆ, ಆ ಠಾಣೆಯ ಪುಸ್ತಕಗಳಲ್ಲಿ ಅವನ ಮೇಲೆ ಏನೂ ಇರುವುದಿಲ್ಲ. ಹೆಸರು ರಾಷ್ಟ್ರೀಯ ದತ್ತಾಂಶಕೋಶದಲ್ಲಿದ್ದರೂ ಯಾರೋ ಒಬ್ಬರು ಅದನ್ನು ತೆರೆದು ನೋಡಬೇಕು, ಸರಿಯಾದ ಕಾಗುಣಿತದಲ್ಲಿ ಹುಡುಕಬೇಕು. ಆದ್ದರಿಂದ ಸಂಸ್ಥೆಗಳು ಅರ್ಜಿಯ ಜೊತೆ ಹಿಂದಿನ ಐದಾರು ವರ್ಷಗಳ ಎಲ್ಲ ವಿಳಾಸ, ಹಿಂದೆ ದುಡಿದ ಜಾಗಗಳ ಹೆಸರು, ಆಧಾರ್‌ನಲ್ಲಿರುವ ಹಾಗೆಯೇ ಪೂರ್ಣ ಹೆಸರು ಬರೆಸಿಕೊಳ್ಳಬೇಕು. ಪಿಎಸ್‌ಐಗೆ ಕೊಡುವ ಪತ್ರದಲ್ಲಿ ಆ ಹುದ್ದೆ ಮಕ್ಕಳ ನಡುವಿನದು ಎಂದು ಸ್ಪಷ್ಟವಾಗಿ ನಮೂದಿಸಬೇಕು.