ಸೆಬೇಗೊ ಸರೋವರದ ಜಲಾನಯನ ಪ್ರದೇಶದ ಸಂರಕ್ಷಣೆ

ಸೆಬೇಗೊ ಸರೋವರವು ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗದ ಮೇನ್ ರಾಜ್ಯದಲ್ಲಿರುವ ಸಿಹಿನೀರಿನ ಸರೋವರ. ಪೋರ್ಟ್‌ಲೆಂಡ್ ನಗರ ಹಾಗೂ ಅದರ ಸುತ್ತಲಿನ ಪಟ್ಟಣಗಳ ಸುಮಾರು 2,00,000 ಜನರಿಗೆ, ಅಂದರೆ ರಾಜ್ಯದ ಸರಿಸುಮಾರು ಆರರಲ್ಲಿ ಒಬ್ಬರಿಗೆ, ಇದು ಕುಡಿಯುವ ನೀರಿನ ಮೂಲವಾಗಿದೆ. ಇದರ ನೀರು ಎಷ್ಟು ಶುದ್ಧವೆಂದರೆ, ಶೋಧಕ ಘಟಕದ ಮೂಲಕ ಹಾಯಿಸದೆ, ಸೋಂಕುನಿವಾರಣೆ ಮಾಡಿ ವಿತರಿಸಲಾಗುತ್ತದೆ. ಸರೋವರಕ್ಕೆ ನೀರುಣಿಸುವ ಪ್ರದೇಶದ ಅರಣ್ಯವೇ ಈ ಶುದ್ಧತೆಗೆ ಮುಖ್ಯ ಕಾರಣ. ಆ ಅರಣ್ಯದ ಬಹುಭಾಗವು ಖಾಸಗಿ ಒಡೆತನದಲ್ಲಿರುವುದರಿಂದ ಅದರ ಸಂರಕ್ಷಣೆಯು ಸ್ಥಳೀಯ ಭೂಮಾಲೀಕರ ಸಹಕಾರವನ್ನು ಅವಲಂಬಿಸಿದೆ.

ಭೌಗೋಳಿಕ ಹಿನ್ನೆಲೆ

ಸೆಬೇಗೊ ಮೇನ್ ರಾಜ್ಯದ ಎರಡನೆಯ ಅತಿ ದೊಡ್ಡ ಸರೋವರ. ಇದರ ವಿಸ್ತೀರ್ಣ ಸುಮಾರು 117 ಚದರ ಕಿ.ಮೀ., ಗರಿಷ್ಠ ಆಳ ಸುಮಾರು 96 ಮೀಟರ್. ಜಲಾನಯನ ಪ್ರದೇಶವು ಉತ್ತರದ ಬೆತೆಲ್‌ನಿಂದ ದಕ್ಷಿಣದ ಸ್ಟ್ಯಾಂಡಿಶ್‌ವರೆಗೆ ಇಪ್ಪತ್ತಕ್ಕೂ ಹೆಚ್ಚು ಪಟ್ಟಣಗಳಲ್ಲಿ ಹರಡಿದೆ. ಸರೋವರಕ್ಕೆ ಅತಿ ಹೆಚ್ಚು ನೀರು ತರುವ ಉಪನದಿ ಕ್ರುಕೆಡ್ ನದಿ. ಸೆಬೇಗೊದ ಮೂಲನಿವಾಸಿ ಸಾಲ್ಮನ್ ಮೀನುಗಳು ಸಮುದ್ರಕ್ಕೆ ಹೋಗದೆ ಸಿಹಿನೀರಿನಲ್ಲಿಯೇ ಬಾಳುತ್ತವೆ. ಮೊಟ್ಟೆಯಿಡಲು ಈ ನದಿಯನ್ನೇರುತ್ತವೆ. ನೀರನ್ನು ಬಳಸುವ ಪೋರ್ಟ್‌ಲೆಂಡ್ ನಗರವು ಈ ಜಲಾನಯನದ ಹೊರಗೆ, ಕೆಳಭಾಗದಲ್ಲಿದೆ.

ಅರಣ್ಯ ಮತ್ತು ನೀರಿನ ಗುಣಮಟ್ಟ

ಜಲಾನಯನ ಪ್ರದೇಶದ ಶೇಕಡಾ 80ಕ್ಕೂ ಹೆಚ್ಚು ಭಾಗ ಅರಣ್ಯದಿಂದ ಕೂಡಿದೆ. ಕಾಡಿನ ನೆಲದ ಮೇಲಿನ ತರಗೆಲೆಗಳ ಹೊದಿಕೆಯು ಮಳೆಯ ಹೊಡೆತವನ್ನು ತಡೆಯುತ್ತದೆ. ನೀರು ಮಣ್ಣಿನೊಳಗೆ ಇಂಗಿ, ನಿಧಾನವಾಗಿ ತೊರೆಗಳನ್ನು ಸೇರುತ್ತದೆ. ಅದೇ ಜಾಗದಲ್ಲಿ ರಸ್ತೆ, ಚಾವಣಿ, ಹುಲ್ಲುಹಾಸುಗಳು ಬಂದಾಗ ನೀರು ಇಂಗದೆ ಮೇಲೆಯೇ ಹರಿದು, ಮಣ್ಣನ್ನೂ ರಂಜಕವನ್ನೂ ಹೊತ್ತೊಯ್ಯುತ್ತದೆ. ರಂಜಕ ಹೆಚ್ಚಿದರೆ ಪಾಚಿ ಬೆಳೆಯುತ್ತದೆ. ಪಾಚಿ ಕೊಳೆಯುವಾಗ ಆಳದ ನೀರಿನ ಆಮ್ಲಜನಕ ಕುಂದುತ್ತದೆ. ದೊಡ್ಡ ಸರೋವರದಲ್ಲಿ ಇಂತಹ ಬದಲಾವಣೆ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ, ಸರಿಪಡಿಸಲು ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ.

ನೀರು ಪೂರೈಕೆ ಮತ್ತು ಶೋಧನೆಯ ವಿನಾಯಿತಿ

ಪೋರ್ಟ್‌ಲೆಂಡ್ ನಗರಕ್ಕೆ ಸೆಬೇಗೊ ನೀರು ಮೊದಲು ತಲುಪಿದ್ದು 1869ರಲ್ಲಿ. 1908ರಲ್ಲಿ ಪೋರ್ಟ್‌ಲೆಂಡ್ ವಾಟರ್ ಡಿಸ್ಟ್ರಿಕ್ಟ್ ಎಂಬ ಸಾರ್ವಜನಿಕ ಸಂಸ್ಥೆ ಸ್ಥಾಪನೆಯಾಯಿತು. 1986ರಲ್ಲಿ ಸುರಕ್ಷಿತ ಕುಡಿಯುವ ನೀರಿನ ಕಾಯಿದೆಗೆ ಆದ ತಿದ್ದುಪಡಿ ಮತ್ತು 1989ರ ನಿಯಮಗಳು ಮೇಲ್ಮೈ ಜಲಮೂಲಗಳ ನೀರನ್ನು ಶೋಧಿಸುವುದನ್ನು ಸಾಮಾನ್ಯವಾಗಿ ಕಡ್ಡಾಯಗೊಳಿಸಿದವು. ಮೂಲದ ನೀರು ನಿಗದಿತ ಗುಣಮಟ್ಟ ಹೊಂದಿದ್ದು, ಜಲಾನಯನದ ರಕ್ಷಣೆಗೆ ಸಮರ್ಪಕ ವ್ಯವಸ್ಥೆ ಇದ್ದಲ್ಲಿ ಮಾತ್ರ ವಿನಾಯಿತಿ ದೊರೆಯುತ್ತದೆ. ದೇಶದಲ್ಲಿ ಈ ವಿನಾಯಿತಿ ಪಡೆದ ವ್ಯವಸ್ಥೆಗಳು ಕೆಲವೇ. ನ್ಯೂಯಾರ್ಕ್ ನಗರದ ಕ್ಯಾಟ್ಸ್‌ಕಿಲ್ ಮತ್ತು ಡೆಲವೇರ್ ಜಲಾಶಯಗಳದು ಪ್ರಸಿದ್ಧ ಉದಾಹರಣೆ. ಸೆಬೇಗೊ ನೀರಿಗೆ ಓಜೋನ್, ನೇರಳಾತೀತ ಕಿರಣ ಹಾಗೂ ಕ್ಲೋರಮೈನ್ ಬಳಸಿ ಸೋಂಕುನಿವಾರಣೆ ಮಾಡಲಾಗುತ್ತದೆ. ವಿನಾಯಿತಿ ರದ್ದಾದರೆ ಶೋಧಕ ಘಟಕದ ನಿರ್ಮಾಣ ಮತ್ತು ನಿರ್ವಹಣೆಯ ವೆಚ್ಚವನ್ನು ನೀರಿನ ಬಳಕೆದಾರರೇ ಭರಿಸಬೇಕಾಗುತ್ತದೆ.

ಭೂಸಂರಕ್ಷಣೆಯ ವಿಧಾನಗಳು

ಮೇನ್ ರಾಜ್ಯದ 1971ರ ತೀರವಲಯ ಕಾನೂನು ಸರೋವರದ ದಡದಿಂದ 250 ಅಡಿಯೊಳಗಿನ ನಿರ್ಮಾಣ ಮತ್ತು ಮರ ಕಡಿಯುವಿಕೆಯನ್ನು ನಿಯಂತ್ರಿಸುತ್ತದೆ. ಆದರೆ ನೀರು ಬರುವುದು ದಡದಿಂದ ಬಹುದೂರದ ಬೆಟ್ಟ ಹಾಗೂ ತೊರೆಗಳಿಂದ. ಅರಣ್ಯಭೂಮಿಗೆ ಕಡಿಮೆ ತೆರಿಗೆ ವಿಧಿಸುವ 1972ರ ಕಾನೂನು ಕಾಡನ್ನು ಉಳಿಸಿಕೊಳ್ಳಲು ಮಾಲೀಕರಿಗೆ ನೆರವಾಗುತ್ತದೆಯಾದರೂ, ದಂಡ ತೆತ್ತು ಅದರಿಂದ ಹೊರಬರಲು ಅವಕಾಶವಿದೆ. ಶಾಶ್ವತ ರಕ್ಷಣೆಗೆ ಮುಖ್ಯವಾಗಿ ಎರಡು ಮಾರ್ಗಗಳಿವೆ.

ಮೊದಲನೆಯದು ಭೂಮಿಯ ಖರೀದಿ ಅಥವಾ ದಾನ. ಲೂನ್ ಎಕೋ ಲ್ಯಾಂಡ್ ಟ್ರಸ್ಟ್ ನೋಡಿಕೊಳ್ಳುವ, ಸುಮಾರು 350 ಎಕರೆಗಳ ರೇಮಂಡ್ ಸಮುದಾಯ ಅರಣ್ಯವು ಹೀಗೆ ಉಳಿದಿದೆ.

ಎರಡನೆಯದು ಸಂರಕ್ಷಣಾ ಕರಾರು. ಇದರಲ್ಲಿ ಭೂಮಿಯು ಮಾಲೀಕರ ಹೆಸರಿನಲ್ಲಿಯೇ ಇರುತ್ತದೆ. ಅದನ್ನು ತುಂಡು ಮಾಡಿ ಮನೆ ಕಟ್ಟುವ ಹಕ್ಕನ್ನು ಮಾತ್ರ ಅವರು ಮಾರುತ್ತಾರೆ ಅಥವಾ ದಾನ ನೀಡುತ್ತಾರೆ. ಮರಮುಟ್ಟಿನ ಕೊಯ್ಲು, ಬೇಟೆ, ಕೃಷಿ ಮುಂತಾದವು ಕರಾರಿನ ಷರತ್ತಿಗೊಳಪಟ್ಟು ಮುಂದುವರಿಯಬಹುದು. ಭೂಮಿ ಮಾರಾಟವಾದರೂ ವಾರಸುದಾರರಿಗೆ ಹೋದರೂ ಕರಾರು ಅದರೊಂದಿಗೇ ಸಾಗುತ್ತದೆ.

ಸಹಯೋಗ

2017ರ ಸುಮಾರಿಗೆ ರೂಪುಗೊಂಡ ಸೆಬೇಗೊ ಕ್ಲೀನ್ ವಾಟರ್ಸ್ ಒಕ್ಕೂಟದಲ್ಲಿ ನೀರು ಪೂರೈಕೆ ಸಂಸ್ಥೆಯೊಂದಿಗೆ ಲೂನ್ ಎಕೋ, ವೆಸ್ಟರ್ನ್ ಫೂಟ್‌ಹಿಲ್ಸ್ ಮತ್ತು ಮಹೂಸಕ್ ಲ್ಯಾಂಡ್ ಟ್ರಸ್ಟ್‌ಗಳು, ನೇಚರ್ ಕನ್ಸರ್ವೆನ್ಸಿ ಮುಂತಾದ ಸಂಸ್ಥೆಗಳು ಕೈಜೋಡಿಸಿವೆ. ಆಗ ಜಲಾನಯನದ ಸುಮಾರು ಹತ್ತನೇ ಒಂದು ಭಾಗ ಮಾತ್ರ ಶಾಶ್ವತವಾಗಿ ಸಂರಕ್ಷಿತವಾಗಿತ್ತು. ಅದನ್ನು ಶೇಕಡಾ 25ಕ್ಕೆ ಏರಿಸುವುದು ಒಕ್ಕೂಟದ ಗುರಿ. ಸಂರಕ್ಷಣಾ ಯೋಜನೆಗಳ ವೆಚ್ಚದ ಒಂದು ಭಾಗವನ್ನು ವಾಟರ್ ಡಿಸ್ಟ್ರಿಕ್ಟ್ ಭರಿಸುತ್ತದೆ. ಹೀಗೆ ಕೆಳಗಿನ ನಗರದ ಬಳಕೆದಾರರು ಮೇಲಿನ ಕಾಡು ಉಳಿಸುವವರ ಹೊರೆಯನ್ನು ಹಂಚಿಕೊಳ್ಳುತ್ತಾರೆ.

ಮಿತಿಗಳು

ಕರಾರುಗಳು ಸ್ವಯಂಪ್ರೇರಿತವಾದುದರಿಂದ, ಅತ್ಯಂತ ಮುಖ್ಯವಾದ ಭೂಮಿಯೇ ಲಭ್ಯವಾಗುವುದೆಂಬ ಖಾತರಿಯಿಲ್ಲ. ಅವುಗಳ ಪಾಲನೆಯನ್ನು ಕಾಲಕಾಲಕ್ಕೆ ಪರಿಶೀಲಿಸುವ ಹೊಣೆ ಟ್ರಸ್ಟ್‌ಗಳ ಮೇಲೆ ಶಾಶ್ವತವಾಗಿ ಉಳಿಯುತ್ತದೆ. ಈಗಾಗಲೇ ಇರುವ ಮಣ್ಣಿನ ರಸ್ತೆಗಳು, ತೀರದ ಮನೆಗಳು ಹಾಗೂ ಮಲಗುಂಡಿಗಳಿಂದ ಬರುವ ಮಾಲಿನ್ಯವನ್ನು ಭೂಸಂರಕ್ಷಣೆಯಿಂದ ತಡೆಯಲಾಗದು. ಅದಕ್ಕೆ ರಸ್ತೆ ದುರಸ್ತಿ, ತೀರದ ಗಿಡಗಳ ಪಟ್ಟಿ ಮತ್ತು ಪಟ್ಟಣಗಳ ನಿರ್ಮಾಣ ನಿಯಮಗಳು ಅಗತ್ಯ.