ಗಾಳಕ್ಕೆ ಸಿಕ್ಕ ಬಿಳಿಮೀನು ಲೆಕ್ಕಕ್ಕೆ ಸಿಗಲಿಲ್ಲ

ಮಳೆ ಚೆನ್ನಾಗಿ ಬಿದ್ದ ವರ್ಷ ಹೊಸದುರ್ಗ ತಾಲ್ಲೂಕಿನ ಬಾಗೂರಿನಂತಹ ಊರುಗಳ ಸುತ್ತ ಕೆರೆಗಳು ತುಂಬುತ್ತವೆ. ವೇದಾವತಿಯಲ್ಲೂ ನೀರು ಕಾಣುತ್ತದೆ. ಆಗ ಬಿದಿರು ಕಡ್ಡಿ, ದಾರ, ಕೊಕ್ಕೆ, ಎರೆಹುಳು ಹಿಡಿದ ಹುಡುಗರು ದಡ ಸೇರುತ್ತಾರೆ. ಸಿಕ್ಕಿದರೆ ಸಾರಿಗಾಯಿತು, ಸಿಗದಿದ್ದರೆ ಹೊತ್ತು ಹೋಯಿತು. ಹೊಟ್ಟೆಗಾಗಿ ಅಲ್ಲದೆ ಕೇವಲ ವಿನೋದಕ್ಕಾಗಿ, ಬೆನ್ನಿಗೆ ಚೀಲ ಹೇರಿಕೊಂಡು ಕಾಡಿನ ಹೊಳೆಯವರೆಗೆ ನಡೆದು ಗಾಳ ಹಾಕುವುದು ಇಂಗ್ಲಿಷರು ತಂದ ಶೋಕಿ ಎಂಬುದು ಸಾಮಾನ್ಯ ನಂಬಿಕೆ. ಅದು ಅರ್ಧ ಮಾತ್ರ ನಿಜ.

ಚಿತ್ರದುರ್ಗ ಸೀಮೆ ನೊಳಂಬವಾಡಿ ಎನಿಸಿಕೊಂಡಿದ್ದ ಕಾಲದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಅವನ ಆಳ್ವಿಕೆ 1126ರಿಂದ 1138ರವರೆಗೆ. ಅವನು 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ಕ್ಕೆ 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಹೆಸರೂ ಉಂಟು. ರಾಜನೀತಿ, ಅಡುಗೆ, ಸಂಗೀತ, ಆನೆಗಳ ವಿಚಾರವೆಲ್ಲ ಇರುವ ಈ ಗ್ರಂಥದಲ್ಲಿ 'ಮತ್ಸ್ಯವಿನೋದ' ಎಂಬ ಒಂದು ಭಾಗವೂ ಇದೆ. ಗಾಳದ ಕೋಲು ಹೇಗಿರಬೇಕು, ದಾರವನ್ನು ಯಾವ ನಾರಿನಿಂದ ಹೊಸೆಯಬೇಕು, ಯಾವ ಮೀನಿಗೆ ಯಾವ ಆಹಾರ ಹಾಕಿ ಒಂದೆಡೆ ಸೇರಿಸಬೇಕು ಎಂಬುದನ್ನೆಲ್ಲ ಅರಸ ವಿವರಿಸಿದ್ದಾನೆ. ಇಂಗ್ಲೆಂಡಿನಲ್ಲಿ ಗಾಳದ ಬಗೆಗಿನ ಪ್ರಸಿದ್ಧ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ. ಅಂದರೆ ಮೂರೂವರೆ ಶತಮಾನಕ್ಕೂ ಹೆಚ್ಚು ತಡವಾಗಿ.

ಮೀನು ಹಿಡಿಯುವ ಉಪಾಯ ಹೇಳುವುದಷ್ಟಕ್ಕೇ ಸೋಮೇಶ್ವರ ನಿಲ್ಲಲಿಲ್ಲ. ಕಡಲಿನ ಮೀನು ಯಾವುದು, ಹೊಳೆಯ ಮೀನು ಯಾವುದು, ಹುರುಪೆ ಇರುವುದು ಯಾವುದು, ಇಲ್ಲದ್ದು ಯಾವುದು ಎಂದು ವಿಂಗಡಿಸಿ, ಹತ್ತಾರು ಜಾತಿಗಳನ್ನು ಹೆಸರಿಸಿದ. 1951ರಲ್ಲಿ ಈ ಭಾಗವನ್ನು ಅಧ್ಯಯನ ಮಾಡಿದವರು ಮತ್ಸ್ಯ ವಿಜ್ಞಾನಿ ಸುಂದರಲಾಲ್ ಹೋರಾ. ಹಿಡಿಯುವ ಮೊದಲು ಮೀನನ್ನು ಗುರುತಿಸು ಎಂಬುದು ಆ ಅರಸನ ಕ್ರಮ. ಮುಂದಿನ ಕಥೆಯಲ್ಲಿ ತಪ್ಪಿಹೋದದ್ದು ಈ ಕ್ರಮವೇ.

ಇಂಗ್ಲಿಷರು ಬಂದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಟ್ರೌಟ್ ಮೀನು. ಗರಿ, ದಾರಗಳನ್ನು ಕೊಕ್ಕೆಗೆ ಸುತ್ತಿ ಹುಸಿ ನೊಣ ಮಾಡಿ, ತಣ್ಣೀರಿನ ತೊರೆಯ ಮೇಲೆ ಬೀಸಿ ಹಿಡಿಯುವುದು ಅವರ ನಾಡಿನ ಆಟ. ಭಾರತದ ಹೊಳೆಗಳಲ್ಲಿ ಟ್ರೌಟ್ ಇರಲಿಲ್ಲ. ಹಾಗಾಗಿ ಕಾಶ್ಮೀರಕ್ಕೆ, ನೀಲಗಿರಿಗೆ ಮೊಟ್ಟೆ ತರಿಸಿ ಬೆಳೆಸಿದರು. ಕನ್ನಡ ನಾಡಿನ ಹೊಳೆಗಳಲ್ಲಿ ಮಾತ್ರ ಅವರನ್ನು ಬೆರಗುಗೊಳಿಸಿದ್ದು ಇಲ್ಲಿಯದೇ ಮಹಸೀರ್. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಗಾಳಕ್ಕೆ ಸಿಕ್ಕಿ ಸೆಣಸುವುದರಲ್ಲಿ ಸಾಲ್ಮನ್ ಮೀನಿಗೂ ಮಹಸೀರ್ ಮಿಗಿಲು ಎಂದು ಅವರು ವಾದಿಸಿದರು.

ಕಾವೇರಿ ತೀರದ ಜನ ಈ ಮೀನನ್ನು 'ಬಿಳಿಮೀನು' ಎಂದು ಕರೆಯುತ್ತಾರೆ. ಇದರಲ್ಲಿ ಬೆನ್ನು ಗೂನಾಗಿ ಎದ್ದು ನಿಂತ ದೈತ್ಯ ಜಾತಿ ಕಾವೇರಿ ಮತ್ತು ಅದರ ಉಪನದಿಗಳಿಗೆ ಮಾತ್ರ ಸೀಮಿತ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಒಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತು. ಸ್ವಾತಂತ್ರ್ಯದ ನಂತರ ಈ ಮೀನು ಮುಗಿದೇ ಹೋಯಿತೆಂದು ಹೊರಗಿನವರು ಭಾವಿಸಿದ್ದರು. 1977-78ರಲ್ಲಿ ಇಂಗ್ಲೆಂಡಿನಿಂದ ಹುಡುಕಿಕೊಂಡು ಬಂದ ಮೂವರು ಯುವಕರ ಗಾಳಕ್ಕೆ ಕಾವೇರಿಯಲ್ಲಿ ಭಾರಿ ಮೀನುಗಳು ಸಿಕ್ಕಾಗ ಮತ್ತೆ ಜಗತ್ತಿನ ಕಣ್ಣು ಇತ್ತ ಹೊರಳಿತು.

ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರಗಳು ನಡೆದವು. ಇಲ್ಲಿ ಹುಸಿ ನೊಣಕ್ಕಿಂತ ಹೆಚ್ಚು ನಡೆದದ್ದು ಬೇಯಿಸಿದ ರಾಗಿ ಹಿಟ್ಟಿನ ಉಂಡೆ! ಹರಿಗೋಲು ನಡೆಸಲು, ಮಡುಗಳ ಗುರುತು ಹೇಳಲು ಸ್ಥಳೀಯರೇ ಬೇಕಿತ್ತು. ಹಿಡಿದ ಮೀನನ್ನು ತೂಗಿ, ದಾಖಲಿಸಿ, ಮತ್ತೆ ನೀರಿಗೆ ಬಿಡುವುದು ಅಲ್ಲಿನ ನಿಯಮ. ಸಿಡಿಮದ್ದು ಎಸೆದು ಮೀನು ಕೊಲ್ಲುವವರಿಗೆ ಈ ಕಾವಲಿನಿಂದ ಅಡ್ಡಿಯಾಯಿತು.

ಎಡವಟ್ಟಾದದ್ದು ಬೇರೊಂದು ದಾರಿಯಲ್ಲಿ, ಅದೂ ಸದುದ್ದೇಶದಿಂದಲೇ. ಮಹಸೀರ್ ಕಡಿಮೆಯಾಗುತ್ತಿದೆ ಎಂಬ ಕಾಳಜಿಯಿಂದ ಮಹಾರಾಷ್ಟ್ರದ ಲೋನಾವಳದಲ್ಲಿ ಮರಿ ಮಾಡಿಸುವ ಕೆಲಸ ಆರಂಭವಾಗಿತ್ತು. ಅಲ್ಲಿ ಬೆಳೆದ ಮರಿಗಳನ್ನು 1970ರ ದಶಕದ ಕೊನೆಯಿಂದ ಕಾವೇರಿಗೂ ಬಿಡಲಾಯಿತು. ಆದರೆ ಅವು ಗೂನುಬೆನ್ನಿನ ಮೀನಿನ ಮರಿಗಳಲ್ಲ. ನೀಲಿ ರೆಕ್ಕೆಯ ಇನ್ನೊಂದು ಜಾತಿ. ಅದರ ತವರು ಕೃಷ್ಣಾ ನದಿಯ ಸೀಮೆ. ತುಂಗಭದ್ರೆಯ ಮೂಲಕ ಬಾಗೂರಿನ ಕಡೆಯ ವೇದಾವತಿ ಸೇರುವುದೂ ಅದೇ ಕೃಷ್ಣೆಯನ್ನು. 'ಮಹಸೀರ್ ಎಂದರೆ ಮಹಸೀರ್' ಎಂಬ ಒಂದೇ ಲೆಕ್ಕದಲ್ಲಿ ಕೃಷ್ಣೆಯ ಮೀನು ಕಾವೇರಿಯ ಪಾಲಾಯಿತು.

ಇದರ ಪರಿಣಾಮ ತಿಳಿದದ್ದು ಗಾಳದವರ ದಾಖಲೆ ಪುಸ್ತಕಗಳಿಂದಲೇ. ಗಾಳಿಬೋರೆಯ 1998ರಿಂದ 2012ರವರೆಗಿನ ದಾಖಲೆಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮಹಸೀರ್‌ಗಳ ವಿವರ ಇತ್ತು. ಅವನ್ನು ಪರಿಶೀಲಿಸಿದ ವಿಜ್ಞಾನಿಗಳಿಗೆ ಕಂಡದ್ದು ಇಷ್ಟು: ಹೊರಗಿನಿಂದ ಬಂದ ನೀಲಿ ರೆಕ್ಕೆಯದು ಹೆಚ್ಚುತ್ತ ಹೋಗಿದೆ, ಮೂಲನಿವಾಸಿಯಾದ ಗೂನುಬೆನ್ನಿನದು ಕುಸಿಯುತ್ತ ಬಂದಿದೆ. ಒಟ್ಟು ಲೆಕ್ಕ ನೋಡಿದವರಿಗೆ ನದಿ ಸಮೃದ್ಧವಾಗಿಯೇ ಕಂಡಿತ್ತು.

ಇನ್ನೂ ವಿಚಿತ್ರವೆಂದರೆ, ನೂರೈವತ್ತು ವರ್ಷ ಜಗತ್ತಿನ ಬೇಟೆಗಾರರನ್ನು ಸೆಳೆದ ಈ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವರ್ಣಿಸಲಾದ 'ಟಾರ್ ರೆಮಾದೇವಿ' ಎಂಬ ಜಾತಿಯೇ ಇದು ಎಂದು ಸ್ಪಷ್ಟವಾದದ್ದು 2018ರಲ್ಲಿ. ಆ ಹೆಸರು ಮತ್ಸ್ಯ ವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಾರ್ಥ ಇಟ್ಟದ್ದು. ಅದೇ 2018ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯು ಇದನ್ನು ಅಳಿವಿನ ಅಂಚಿನ ತೀವ್ರ ಅಪಾಯದ ವರ್ಗಕ್ಕೆ ಸೇರಿಸಿತು. ಹೆಸರು ಸಿಕ್ಕಿದ್ದೂ ಅಪಾಯದ ಗಂಟೆ ಬಾರಿಸಿದ್ದೂ ಒಟ್ಟಿಗೇ ಆಯಿತು.

ಅಷ್ಟರಲ್ಲಿ, ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ನಿಲುವಿನಿಂದ 2012ರ ಹೊತ್ತಿಗೆ ಕಾವೇರಿ ಶಿಬಿರಗಳ ಆ ಆಟ ನಿಂತುಹೋಗಿತ್ತು. ಮೀನಿಗೆ ನೋವು ಕೊಡುವ ವಿನೋದವೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಗಾಳದವರು ಹೋದರೆ ದಾಖಲೆ ಇಡುವವರು ಯಾರು, ಕಾಯುವವರು ಯಾರು ಎಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದದ್ದು.

ಮೀನು ಉಳಿಸುವ ಇನ್ನೊಂದು ದಾರಿ ಕನ್ನಡಿಗರಿಗೆ ಹೊಸದಲ್ಲ. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಭಕ್ತರು ಅಕ್ಕಿ, ಮಂಡಕ್ಕಿ ಹಾಕುತ್ತಾರೆ, ಹಿಡಿಯುವುದಿಲ್ಲ. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಬೆರೆಸಿ ಸಾವಿರಾರು ಮೀನು ಸತ್ತಾಗ ಊರವರು ಅವುಗಳಿಗೆ ಸ್ಮಾರಕ ಕಟ್ಟಿಸಿದರು.

ಭಕ್ತಿ, ಕಾನೂನು, ಕಾಳಜಿ ಎಲ್ಲವೂ ಬೇಕಾದವೇ. ಆದರೆ ಯಾವ ಹೊಳೆಯಲ್ಲಿ ಯಾವ ಮೀನು ಎಂಬ ತಿಳಿವಳಿಕೆ ಇಲ್ಲದ ಕಾಳಜಿ ಏನು ಮಾಡಬಲ್ಲದು ಎಂಬುದನ್ನು ಕಾವೇರಿ ತೋರಿಸಿಕೊಟ್ಟಿದೆ. ಇನ್ನು ಮುಂದೆ ಯಾವುದೇ ನದಿಗೆ ಮರಿ ಬಿಡುವವರು, ಒಂಬೈನೂರು ವರ್ಷಗಳ ಹಿಂದೆ ಸೋಮೇಶ್ವರ ಮಾಡಿದ ಕೆಲಸವನ್ನು ಮೊದಲು ಮಾಡಲಿ: ಆ ನೀರಿನ ಮೀನು ಯಾವುದೆಂದು ವಿಚಾರಿಸಿಕೊಳ್ಳಲಿ.