ಅರಳುಮರಳಿನ ಪೂರ್ವರೂಪ

ಅರವತ್ತಕ್ಕೆ ಅರಳುಮರಳೆಂಬ ಮಾತು ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಮನೆಮನೆಗೂ ಪರಿಚಿತವಾದುದು. ಆದರೆ ಮಕ್ಕಳ ಹೆಸರನ್ನೂ ಮನೆಯ ದಾರಿಯನ್ನೂ ಮರೆಸುವ ಮರೆವು ವಯೋಧರ್ಮವಲ್ಲ, ವ್ಯಾಧಿ.

1906ರಲ್ಲಿ ಜರ್ಮನಿಯ ವೈದ್ಯನಾದ ಆಲ್ಜೈಮರನು ಮೃತಳಾದ ರೋಗಿಣಿಯೊಬ್ಬಳ ಮೆದುಳನ್ನು ಸೂಕ್ಷ್ಮದರ್ಶಕದಿಂದ ನೋಡಿ, ಅಲ್ಲಿದ್ದ ಗಂಟುಗಳನ್ನೂ ಮಡ್ಡಿಯನ್ನೂ ವರ್ಣಿಸಿದನು. ಬಹುಕಾಲ ನಿಶ್ಚಿತವಾದ ರೋಗನಿರ್ಣಯವು ಮರಣಾನಂತರವೇ ಸಾಧ್ಯವಾಗುತ್ತಿತ್ತು. 1984ರಲ್ಲಿ ಗ್ಲೆನ್ನರ್, ವಾಂಗ್ ಎಂಬ ವಿದ್ವಾಂಸರು ರೋಗಿಗಳ ಮೆದುಳಿನ ರಕ್ತನಾಳಗಳಿಂದ ಅಮೈಲಾಯ್ಡ್ ಪ್ರೋಟೀನನ್ನು ಬೇರ್ಪಡಿಸಿದರು. 2025ರಲ್ಲಿ ಅಮೆರಿಕೆಯ ಸರಕಾರವು ಈ ರೋಗದ ಗುರುತನ್ನು ರಕ್ತದಲ್ಲಿಯೇ ಹುಡುಕುವ ಪರೀಕ್ಷೆಯೊಂದಕ್ಕೆ ಅನುಮತಿಯಿತ್ತಿತು. ರೋಗವು ಪ್ರಕಟವಾಗುವ ಮುನ್ನಿನ ಲಕ್ಷಣವನ್ನು ನಮ್ಮ ಆಯುರ್ವೇದವು ಪೂರ್ವರೂಪವೆಂದು ಕರೆಯುವುದು. ಇಂದಿನ ವಿಜ್ಞಾನವು ಅರಸುವುದೂ ಅದನ್ನೇ.

ಓದುಬರಹವನ್ನು ಆಧರಿಸಿದ ಸ್ಮೃತಿಪರೀಕ್ಷೆಯು ಅಕ್ಷರವರಿಯದ ಹಿರಿಯರ ವಿಷಯದಲ್ಲಿ ಮೋಸಹೋಗಬಹುದು. ರಕ್ತವಾದರೋ ಅಕ್ಷರವನ್ನು ಕೇಳುವುದಿಲ್ಲ. ಆದರೆ ಪರದೇಶೀಯರಿಗಾಗಿ ಮಾಡಿದ ಅಳತೆಗೋಲು ನಮ್ಮವರಿಗೆ ಒಪ್ಪುವುದೇ ಎಂಬುದನ್ನು ಮೊದಲು ನೋಡಬೇಕಷ್ಟೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನ ಕೇಂದ್ರವು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಗ್ರಾಮಗಳಲ್ಲಿ ಕೆಲಸವನ್ನಾರಂಭಿಸಿತು. ನಲವತ್ತೈದು ದಾಟಿದ ಗ್ರಾಮಸ್ಥರ ರಕ್ತ, ಸ್ಮರಣಶಕ್ತಿ, ಮೆದುಳಿನ ಚಿತ್ರ ಇವುಗಳನ್ನು ಕಾಲಕಾಲಕ್ಕೆ ಪರೀಕ್ಷಿಸುವುದೇ ಆ ಕೆಲಸ.

ಗುರುತು ದೊರೆತ ಮಾತ್ರಕ್ಕೆ ರೋಗವು ಗುಣವಾಗದು. ಆದರೂ ಮುಂಚೆಯೇ ತಿಳಿದರೆ, ಹಿರಿಯರು ತಮ್ಮ ಇಷ್ಟವನ್ನು ತಾವೇ ಹೇಳಬಲ್ಲರು; ಮನೆಯವರೂ ಅವರನ್ನು ಗದರಿಸದೆ, ನಗದೆ, ಆದರಿಸಬಲ್ಲರು.